ಸಂಶೋಧನಾ ಅನುದಾನದ ಹಣಬಳಕೆ ಪ್ರಮಾಣಪತ್ರ ಸಿದ್ಧಪಡಿಸುವುದು ಹೇಗೆ?

ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಕೇಂದ್ರದ ಅನುದಾನ ಪಡೆದ ಅಧ್ಯಯನವೊಂದು ಹಳ್ಳಿಗಳಲ್ಲಿ ಎಷ್ಟೇ ಅಚ್ಚುಕಟ್ಟಾಗಿ ನಡೆದಿದ್ದರೂ, ಎಲ್ಲರೂ ಯು.ಸಿ. ಎನ್ನುವ ಹಣಬಳಕೆ ಪ್ರಮಾಣಪತ್ರದಲ್ಲಿ ಎಡವಿದರೆ ಮುಂದಿನ ಕಂತು ನಿಂತುಹೋಗುತ್ತದೆ. ರಕ್ತದ ಮಾದರಿ ಕೊಟ್ಟ ತಾಯಂದಿರು ವರದಿಗೆ ಕಾಯುತ್ತಲೇ ಇರಬೇಕಾಗುತ್ತದೆ. ಆದ್ದರಿಂದ ಸಂಶೋಧಕರು ಇದನ್ನು ಗುಮಾಸ್ತರ ಪಾಲಿಗೆ ಬಿಡದೆ ತಾವೇ ಕುಳಿತು ಮಾಡಬೇಕು.

ಮೊದಲಿಗೆ, ಸಾಮಾನ್ಯ ಹಣಕಾಸು ನಿಯಮಾವಳಿ 2017ರ 12-ಎ ನಮೂನೆಯನ್ನೇ ತೆಗೆದುಕೊಳ್ಳಿ. ಕಚೇರಿಯ ಕಂಪ್ಯೂಟರಿನಲ್ಲಿ ಸಿಗುವ 19-ಎ ನಮೂನೆ 2005ರ ನಿಯಮಾವಳಿಯದು, ಅದು ಬೇಡ. ಮಂಜೂರಾತಿ ಆದೇಶದ ಸಂಖ್ಯೆ, ದಿನಾಂಕ, ಮೊತ್ತಗಳನ್ನು ಆದೇಶ ನೋಡಿಯೇ ತುಂಬಿ.

ಹೆಚ್ಚಿನವರು ತಪ್ಪುವುದು ಖರ್ಚಿನ ಕಲಮಿನಲ್ಲಿ. ಉದಾಹರಣೆಗೆ, ಹಿಂದಿನ ಶಿಲ್ಕು, ಅಂದರೆ ಉಳಿಕೆ ಹಣ, ಇಲ್ಲದ ಯೋಜನೆಗೆ 10,00,000 ರೂಪಾಯಿ ಬಂದಿದೆ ಎನ್ನೋಣ. ಮಾರ್ಚ್ 31ರ ಹೊತ್ತಿಗೆ 6,40,000 ರೂಪಾಯಿಗೆ ವೋಚರುಗಳಿವೆ. ಸೇಡಂ, ಚಿಂಚೋಳಿ ಕ್ಷೇತ್ರಕಾರ್ಯಕ್ಕೆಂದು ಸಿಬ್ಬಂದಿಗೆ ಕೊಟ್ಟ 60,000 ರೂಪಾಯಿ ಮುಂಗಡಕ್ಕೆ ಬಿಲ್ಲುಗಳು ಬಂದಿಲ್ಲ. ಬ್ಯಾಂಕಿನಲ್ಲಿ ಅನುದಾನದ 3,00,000 ಮತ್ತು ಅದಕ್ಕೆ ಬಂದ ಬಡ್ಡಿ 12,000 ಉಳಿದಿದೆ. ಖಾತೆಯಿಂದ ಹೊರಬಿದ್ದದ್ದೆಲ್ಲ ಖರ್ಚೆಂದು ತಿಳಿದು ಇಲ್ಲಿ 7,00,000 ಎಂದು ಬರೆದುಬಿಡುತ್ತಾರೆ. ನಿಜವಾದ ಖರ್ಚು 6,40,000 ಮಾತ್ರ, ಶಿಲ್ಕು 3,60,000. ಆ ಶಿಲ್ಕನ್ನು ಬ್ಯಾಂಕಿನಲ್ಲಿರುವ ಹಣ ಮತ್ತು ಹೊಂದಾಣಿಕೆಯಾಗದ ಮುಂಗಡ ಎಂದು ಬೇರೆ ಬೇರೆಯಾಗಿ ತೋರಿಸಲು ನಮೂನೆಯಲ್ಲೇ ಜಾಗವಿದೆ. ಆರ್ಡರ್ ಕೊಟ್ಟು ಇನ್ನೂ ಕೈಸೇರದ, ಹಣವನ್ನೂ ಪಾವತಿಸದ ಕಿಟ್‌ಗಳ ಬೆಲೆಯೂ ಖರ್ಚಲ್ಲ. ಬಡ್ಡಿಯನ್ನು ಯೋಜನೆಗೆ ಬಳಸುವಂತಿಲ್ಲ. ಅದೇ ನಿಯಮಾವಳಿಯ ನಿಯಮ 230ರಂತೆ ಅದು ಭಾರತದ ಸಂಚಿತ ನಿಧಿಗೆ, ಅಂದರೆ ಕೇಂದ್ರ ಸರ್ಕಾರದ ಖಜಾನೆಗೆ, ಮರಳಬೇಕು. ಸಂಬಳ, ಸಾಮಾನ್ಯ ವೆಚ್ಚ, ಆಸ್ತಿ ಸೃಷ್ಟಿ ಈ ಮೂರರ ಮೊತ್ತವನ್ನು ಪ್ರತ್ಯೇಕವಾಗಿಯೇ ಬರೆಯಬೇಕು.

ಮುಂಗಡಗಳಿಗೆ ಕೈಬರಹದ ಪ್ರತ್ಯೇಕ ರಿಜಿಸ್ಟರ್ ಇಡಿ, ವಾರಕ್ಕೊಮ್ಮೆ ನೋಡಿ. ಯಾರೋ ಕಳುಹಿಸಿದ ಸಿದ್ಧ ಎಕ್ಸೆಲ್ ಹಾಳೆಯನ್ನು ನಂಬಬೇಡಿ, ಅದರ ಸೂತ್ರಗಳು ಬಹಳ ಸಲ ಮುಂಗಡವನ್ನೂ ಖರ್ಚಿಗೆ ಕೂಡಿಸಿರುತ್ತವೆ. ಪೆಟ್ರೋಲ್ ಬಂಕಿನ ನುಣುಪು ಕಾಗದದ ರಸೀದಿಗಳನ್ನು ಅಂದೇ ಜೆರಾಕ್ಸ್ ಮಾಡಿಸಿ, ನಮ್ಮ ಬೇಸಿಗೆಯ ಬಿಸಿಗೆ ಅವುಗಳ ಅಕ್ಷರ ಅಳಿಸಿಹೋಗುತ್ತದೆ.

ಕೊನೆಗೆ ಹಣಕಾಸು ಮುಖ್ಯಸ್ಥರ ಮತ್ತು ಸಂಸ್ಥೆಯ ಮುಖ್ಯಸ್ಥರ ಸಹಿ ಮಾಡಿಸಿ. ಮಂಜೂರು ಮಾಡಿದವರೂ ಸಿಎಜಿ ಎನ್ನುವ ಭಾರತದ ಮಹಾಲೆಕ್ಕಪರಿಶೋಧಕರ ಕಚೇರಿಯವರೂ ಈ ಲೆಕ್ಕವನ್ನು ಪರಿಶೀಲಿಸಬಹುದಾದ್ದರಿಂದ, ಪ್ರಮಾಣಪತ್ರ ಕಳುಹಿಸಿದ ಮೇಲೂ ವೋಚರುಗಳನ್ನೂ ಉಪಕರಣಗಳ ಆಸ್ತಿ ರಿಜಿಸ್ಟರನ್ನೂ ಒಂದೇ ಕಪಾಟಿನಲ್ಲಿಡಿ. ಅನುದಾನದಲ್ಲಿ ಕೊಂಡ ಉಪಕರಣವನ್ನು ಅನುಮತಿಯಿಲ್ಲದೆ ವಿಲೇವಾರಿ ಮಾಡುವಂತಿಲ್ಲ.