ಅಂಗಳದ ನೆರಳಿಗೆ ಹೊಳೆದಾಸವಾಳ ನೆಡಿ
ತೀರ್ಥಹಳ್ಳಿ, ಹೊಸನಗರ ಕಡೆಯವರು ನೆರಳಿಗೆ ಅಂತ ಗುಲ್‌ಮೊಹರ್ ನೆಡುವ ಮೊದಲು ಸ್ವಲ್ಪ ಯೋಚಿಸಿ. ಅದರ ಕೊಂಬೆ ಸುಲಭಕ್ಕೆ ಮುರಿಯುತ್ತದೆ. ಆಷಾಢದ ಗಾಳಿಗೆ ಹೆಂಚಿನ ಮೇಲೆ ಬಿದ್ದರೆ ಕಷ್ಟ ಅಲ್ವಾ?

ನನ್ನ ಕೇಳಿದರೆ ಹೊಳೆದಾಸವಾಳವೇ ಸರಿ. ನಮ್ಮ ಘಟ್ಟದ ಹೊಳೆದಂಡೆಯ ಮರ, ಜಾಸ್ತಿ ಮಳೆಗೆ ಹೆದರುವುದಿಲ್ಲ. ಬೇಸಿಗೆಯಲ್ಲಿ ನೇರಳೆ ಹೂಗೊಂಚಲು. ಎಸಳನ್ನು ಹತ್ತಿರದಿಂದ ನೋಡಿ, ಇಸ್ತ್ರಿ ಮಾಡದ ರೇಷ್ಮೆಯ ಹಾಗೆ ಸುಕ್ಕುಸುಕ್ಕು, ನಡುವೆ ಹಳದಿ ಕೇಸರ.

ಜೂನ್ ಮಳೆ ಹಿಡಿದ ಮೇಲೆ ನೆಡಿ. ಗೋಡೆಯಿಂದ 20 ಅಡಿಯಾದರೂ ದೂರ ಇರಲಿ. ಕರೆಂಟ್ ತಂತಿ ಕೆಳಗೆ ಬೇಡವೇ ಬೇಡ. ಜಂಬಿಟ್ಟಿಗೆ ನೆಲವಾದರೆ ಗುಂಡಿ ಅಗಲವಾಗಿ ತೆಗೆದು, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಮೊದಲ 2 ಬೇಸಿಗೆ ತಪ್ಪದೆ ನೀರು ಹಾಕಿ.

ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಸವರುವುದಿದ್ದರೆ ಎಲೆ ಉದುರಿದಾಗಲೇ, ಚಿಗುರುವ ಮೊದಲು ಸವರಿ.