ಹೊರದೇಶದಲ್ಲಿ ಕೂತು ಕೆಲಸ ಮಾಡುವ ಮುನ್ನ

ನಾನು ಸಂಬಳಪಟ್ಟಿ ನೋಡಿಕೊಳ್ಳುವವಳು. ಲ್ಯಾಪ್‌ಟಾಪ್ ಹಿಡಿದು ಹೊರದೇಶಕ್ಕೆ ಹೊರಟವರೆಲ್ಲ ಕೇಳುವುದು ಒಂದೇ: “183 ದಿನ ದಾಟದಿದ್ದರೆ ಅಲ್ಲಿ ತೆರಿಗೆ ಇಲ್ಲ, ಅಲ್ವಾ?”

ಅದು ಅರ್ಧ ಸತ್ಯ. ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ದೇಶಗಳು ಮಾಡಿಕೊಳ್ಳುವ ಒಪ್ಪಂದಗಳಿಗೆ ನಮೂನೆಯಾದ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ) ಮಾದರಿ ಒಪ್ಪಂದದ 15ನೇ ವಿಧಿಯಲ್ಲಿ ಮೂರು ಷರತ್ತುಗಳಿವೆ, ಮೂರೂ ಒಟ್ಟಿಗೆ ಕೂಡಿಬರಬೇಕು: ಯಾವುದೇ ಹನ್ನೆರಡು ತಿಂಗಳಲ್ಲಿ ವಾಸ 183 ದಿನ ಮೀರಬಾರದು, ಸಂಬಳ ಕೊಡುವವರು ಆ ದೇಶದವರಾಗಿರಬಾರದು, ನಿಮ್ಮ ಕಂಪನಿಗೆ ಅಲ್ಲಿ ಕಾಯಂ ನೆಲೆ (ಕಂಪನಿ ಅಲ್ಲೇ ವ್ಯಾಪಾರ ನಡೆಸುತ್ತಿದೆ ಎಂದು ತೆರಿಗೆಯವರು ಲೆಕ್ಕ ಹಿಡಿಯುವ ಕಚೇರಿ, ಶಾಖೆಯಂಥದ್ದು) ಇದ್ದರೆ ಅದು ಆ ಸಂಬಳದ ಖರ್ಚನ್ನು ಹೊರಬಾರದು. ಎರಡು ದೇಶಗಳ ನಡುವೆ ಒಪ್ಪಂದವೇ ಇಲ್ಲದಿದ್ದರೆ ಈ ರಿಯಾಯಿತಿಯೂ ಇಲ್ಲ. ಸ್ಥಳೀಯ ಕಾನೂನು ಮೊದಲ ದಿನದಿಂದಲೇ ತೆರಿಗೆ ಕೇಳಬಹುದು. ದಿನ ಎಣಿಸುವಾಗ ಬಂದ ದಿನ, ಹೊರಟ ದಿನ, ಭಾನುವಾರ ಎಲ್ಲವನ್ನೂ ಸೇರಿಸಿ. ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಎರಡೂ ದೇಶಗಳು ನಿಮ್ಮನ್ನು ನಿವಾಸಿ ಎಂದರೆ ಒಪ್ಪಂದ ಮೊದಲು ಕೇಳುವುದು, ಕಾಯಂ ಮನೆ ಎಲ್ಲಿದೆ ಎಂದು.

ಸಾಮಾಜಿಕ ಭದ್ರತೆಯ ವಂತಿಗೆಗೆ ನಿಯಮವೇ ಬೇರೆ. ಹೊರಡುವ ಮೊದಲೇ ವ್ಯಾಪ್ತಿ ಪ್ರಮಾಣಪತ್ರ, ಅಂದರೆ ನಿಮ್ಮ ವಂತಿಗೆ ಸ್ವದೇಶದಲ್ಲೇ ಸಲ್ಲುತ್ತಿದೆ ಎಂದು ತೋರಿಸುವ ಪತ್ರ, ಸಿಗುತ್ತದೆಯೇ ಎಂದು ವಿಚಾರಿಸಿ. ಯುರೋಪಿಯನ್ ಒಕ್ಕೂಟದೊಳಗೆ ಅದಕ್ಕೆ ಎ1 ಎನ್ನುತ್ತಾರೆ.

“ಗುತ್ತಿಗೆದಾರ ಅಂತ ಬರೆದುಕೊಳ್ಳೋಣ, ತಲೆನೋವೇ ಬೇಡ” ಎನ್ನುವ ಮ್ಯಾನೇಜರ್‌ಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೆಲಸದ ವೇಳೆ, ರಜೆ, ಸಲಕರಣೆ ಎಲ್ಲ ಕಂಪನಿಯೇ ನಿಗದಿ ಮಾಡಿ, ಗ್ರಾಹಕರೂ ಒಬ್ಬರೇ ಆಗಿದ್ದರೆ, ಕಾಗದದಲ್ಲಿ ಏನೇ ಬರೆದಿರಲಿ, ಅನೇಕ ದೇಶಗಳಲ್ಲಿ ನೀವು ನೌಕರರೇ ಎಂದು ತೀರ್ಮಾನವಾಗಬಹುದು. ಆಗ ಹಿಂದಿನ ಬಾಕಿ ಕಂಪನಿಯ ತಲೆಗೆ. ಅಲ್ಲಿಂದ ನೀವು ಕಂಪನಿಯ ಪರವಾಗಿ ಒಪ್ಪಂದ ಕುದುರಿಸುವವರಾದರೆ ಕಂಪನಿಗೇ ಅಲ್ಲಿ ಕಾಯಂ ನೆಲೆ ಹುಟ್ಟಬಹುದು. ಹಾಗಾಗಿ ಮಾರಾಟದವರು ಲಿಖಿತ ಅನುಮತಿ ಪಡೆಯದೆ ಟಿಕೆಟ್ ಬುಕ್ ಮಾಡಬೇಡಿ. ವೀಸಾ ಕೆಲಸಕ್ಕೆ ಅವಕಾಶ ಕೊಡುತ್ತದೆಯೇ ಎನ್ನುವುದನ್ನೂ ಪ್ರತ್ಯೇಕವಾಗಿ ನೋಡಿ.