ರಾತ್ರಿ ಮೂರು ಗಂಟೆಯ ಲೆಕ್ಕ

ನನ್ನ ಕೆಲಸವೇ ಲೆಕ್ಕ. ಹದಿನಾಲ್ಕು ವರ್ಷದಿಂದ ಬೇರೆಯವರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಒಂದು ಬಿಲ್ ಎರಡು ಸಲ ಎಂಟ್ರಿ ಆಗಿದ್ದರೆ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಅಂಥವಳು ನಾಲ್ಕು ತಿಂಗಳು ನನ್ನದೇ ಬ್ಯಾಂಕ್ ಖಾತೆ ತೆರೆದು ನೋಡಿರಲಿಲ್ಲ. ಸಂಬಳ ಬರುತ್ತಿತ್ತು, ಕಂತುಗಳು ತಾವಾಗಿಯೇ ಕಟ್ ಆಗುತ್ತಿದ್ದವು. ಬ್ಯಾಂಕಿನಿಂದ ಮೆಸೇಜ್ ಬಂದರೆ ಓದದೆ ಬೆರಳಲ್ಲಿ ಪಕ್ಕಕ್ಕೆ ಸರಿಸಿಬಿಡುತ್ತಿದ್ದೆ.

ಹಾಗಂತ ಲೆಕ್ಕ ಹಾಕುತ್ತಿರಲಿಲ್ಲ ಅಂತಲ್ಲ. ರಾತ್ರಿ ಮೂರಕ್ಕೆ ಎಚ್ಚರವಾಗುತ್ತಿತ್ತು. ಮಲಗಿದಲ್ಲೇ, ಕತ್ತಲಲ್ಲೇ, ಮನಸ್ಸಿನಲ್ಲೇ ಲೆಕ್ಕ ಶುರು. ಈ ಕೆಲಸ ಹೋದರೆ ಎಷ್ಟು ದಿನ? ಮಗಳ ಫೀಸು? ಗಂಡನ ಕೆಲಸವೂ ಹೋದರೆ? ಸ್ವಂತವಾಗಿ ಏನಾದರೂ ಶುರು ಮಾಡೋಣ ಅಂತ ಎರಡು ವರ್ಷದಿಂದ ಯೋಚಿಸುತ್ತಿದ್ದೀಯಲ್ಲ, ವಯಸ್ಸು ನಿಲ್ಲುತ್ತದಾ? ಆ ಲೆಕ್ಕ ಒಂದು ದಿನವೂ ಟ್ಯಾಲಿ ಆಗುತ್ತಿರಲಿಲ್ಲ. ಆಗುವುದಾದರೂ ಹೇಗೆ? ಒಂದು ಅಂಕಿಯೂ ನಿಜದ್ದಾಗಿರಲಿಲ್ಲ.

ಹೀಗೆ ನೋಡದೆ ಇರುವುದಕ್ಕೆ ಡ್ಯಾನ್ ಗಲಾಯ್, ಓರ್ಲಿ ಸಾಡೆ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ‘ಆಸ್ಟ್ರಿಚ್ ಎಫೆಕ್ಟ್’ ಅಂತ ಹೆಸರಿಟ್ಟರು. ಉಷ್ಟ್ರಪಕ್ಷಿ ಅಪಾಯ ಕಂಡರೆ ಮರಳಲ್ಲಿ ತಲೆ ಹುದುಗಿಸುತ್ತದೆ ಅನ್ನುವ ಮಾತಿನಿಂದ ಬಂದದ್ದು. ಪಾಪ, ಆ ಹಕ್ಕಿ ನಿಜಕ್ಕೂ ಹಾಗೆ ಮಾಡುವುದಿಲ್ಲ. ಮಾಡುತ್ತಿದ್ದವಳು ನಾನು.

ನಾನು ಡಾಕ್ಟರ ಹತ್ತಿರ ಹೋಗಿದ್ದು ಮನಸ್ಸಿನ ವಿಷಯಕ್ಕಲ್ಲ. ಮೀಟಿಂಗಿನಲ್ಲಿ ಕೂತಿದ್ದಾಗ ಎದೆ ಡವಡವ ಹೊಡೆದುಕೊಂಡು, ಕೈ ತಣ್ಣಗಾಗಿ, ಹಾರ್ಟಿಗೆ ಏನೋ ಆಗಿದೆ ಅಂತ ಹೆದರಿ ಹೋಗಿದ್ದೆ. ಅವರು ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಜಾಸ್ತಿ ಆಗಿದ್ದರೂ, ರಕ್ತ ಕಡಿಮೆ ಇದ್ದರೂ ಎದೆ ಹೀಗೇ ಹೊಡೆದುಕೊಳ್ಳಬಹುದಂತೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಹೆಂಗಸರು ಎದೆ ಡವಡವ ಅಂದ ಕೂಡಲೇ ‘ಟೆನ್ಷನ್ ಮಾಡ್ಕೋಬೇಡಿ’ ಅಂತ ಕಳಿಸಿಬಿಡುವವರೂ ಇದ್ದಾರೆ. ಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ.

ನನ್ನ ರಿಪೋರ್ಟು ಸರಿಯಾಗಿಯೇ ಇತ್ತು. ಆಗ ಅವರು ಆತಂಕ ಎಷ್ಟಿದೆ ಅಂತ ಅಳೆಯುವ ಏಳು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಅದರ ಹೆಸರು ಜಿಎಡಿ-7. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಗಾಬರಿ ಆಯಿತು, ಚಿಂತೆ ನಿಲ್ಲಿಸಲು ಆಗಲಿಲ್ಲವಾ, ಇಂಥ ಪ್ರಶ್ನೆಗಳು. ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 21. ಹತ್ತು ಮುಟ್ಟಿದರೆ ಇನ್ನಷ್ಟು ವಿಚಾರಿಸಬೇಕು, ಹದಿನೈದು ಮುಟ್ಟಿದರೆ ತೀವ್ರ. ನನ್ನದು 13. ನಿಜ ಹೇಳಲಾ? ಆ 13 ನೋಡಿ ನನಗೆ ಸಮಾಧಾನವಾಯಿತು. ತಿಂಗಳುಗಳ ಮೇಲೆ ಮೊದಲ ಸಲ ಒಂದು ನಿಜವಾದ ಅಂಕಿ ಸಿಕ್ಕಿತ್ತು.

ಕೌನ್ಸೆಲರ್ ಹತ್ತಿರ ಎಂಟು ಸಲ ಹೋದೆ. ಅವರದು ಸಿಬಿಟಿ, ಅಂದರೆ ಯೋಚನೆಯ ದಾರಿಯನ್ನೇ ಪರೀಕ್ಷಿಸಿ ನೋಡುವ ಚಿಕಿತ್ಸೆ. ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ಶುರು ಮಾಡಿದ ಪದ್ಧತಿ. ಎಂಟು ಭೇಟಿಯಲ್ಲಿ ಏಳನ್ನು ಮರೆತರೂ ಎರಡನೆಯದನ್ನು ಮರೆಯುವುದಿಲ್ಲ.

“ಏನು ಭಯ?” ಅಂದರು.

“ಏನೋ ಆಗಿಬಿಡುತ್ತೆ ಅಂತ.”

“ಏನೋ ಅಂದ್ರೆ ಏನು?”

“ಕೆಲಸ ಹೋಗಬಹುದು.”

“ಸರಿ, ಹೋಯ್ತು ಅಂದ್ಕೊಳ್ಳಿ. ಆಮೇಲೆ?”

“ಬಾಡಿಗೆ ಕಟ್ಟೋಕಾಗಲ್ಲ.”

“ಆಮೇಲೆ?”

“ಸ್ವಲ್ಪ ದಿನ ಅಕ್ಕನ ಮನೆಗೆ ಹೋಗಬೇಕಾಗುತ್ತೆ.”

“ಆಮೇಲೆ?”

ನನಗೆ ಅಲ್ಲಿ ಮಾತು ನಿಂತುಹೋಯಿತು. ಗಂಟಲು ಕಟ್ಟಿತು. ಸುಮಾರು ಹೊತ್ತಿನ ಮೇಲೆ ಹೇಳಿದೆ: “ಅಕ್ಕ ನನ್ನ ಮುಖ ನೋಡಿ, ‘ನಾನು ಅವತ್ತೇ ಹೇಳಿದ್ದೆ’ ಅಂತಾಳೆ.”

ಅವರು ಏನೂ ಅನ್ನಲಿಲ್ಲ. ಹಾಳೆಯಲ್ಲಿ ಅದನ್ನು ಬರೆದುಕೊಂಡರು, ಅಷ್ಟೆ. ನಾನು ಮಾತ್ರ ಮನೆಯವರೆಗೂ ಅದನ್ನೇ ಯೋಚಿಸಿಕೊಂಡು ಬಂದೆ. ದುಡ್ಡಿನ ಭಯ ಅಂತ ಹೊತ್ತು ತಿರುಗುತ್ತಿದ್ದದ್ದರ ತಳದಲ್ಲಿ ಅಕ್ಕನ ಮುಖ ಇತ್ತು!

ಅವತ್ತಿನಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನನ್ನದು ಒಂದು ಭಯವಲ್ಲ. ದುಡ್ಡಿನದೊಂದು, ಕೆಲಸದ ಆಯ್ಕೆಯದೊಂದು, ನಾಚಿಕೆಯದೊಂದು. ಮೂರೂ ಒಂದಕ್ಕೊಂದು ಸುತ್ತಿಕೊಂಡು ಒಂದೇ ಗಂಟಿನ ಹಾಗೆ ಕಾಣುತ್ತಿದ್ದವು. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ. ನಾಚಿಕೆಗೆ ದುಡ್ಡು ಉಳಿಸಿ ಪ್ರಯೋಜನವಿಲ್ಲ. ದುಡ್ಡಿನ ಭಯಕ್ಕೆ ‘ಧೈರ್ಯವಾಗಿರು’ ಅಂದರೆ ಬಾಡಿಗೆ ಕಟ್ಟಿದಂತಾಗುವುದಿಲ್ಲ.

ದುಡ್ಡಿನದನ್ನು ಮೊದಲು ಹಿಡಿದೆ. ಮೊದಲ ದಿನ ಬ್ಯಾಂಕ್ ಆ್ಯಪ್ ತೆರೆದು, ಪಾಸ್‌ವರ್ಡ್ ಹಾಕಿ, ಏನೂ ನೋಡದೆ ಮುಚ್ಚುವುದು. ಅಷ್ಟೇ ಕೆಲಸ. ನಗಬೇಡಿ, ಅದಕ್ಕೂ ಕೈ ಬೆವರಿತ್ತು. ಎರಡನೇ ದಿನ ಬ್ಯಾಲೆನ್ಸ್ ನೋಡಿದೆ. ಮೂರನೇ ದಿನ ಸ್ಟೇಟ್‌ಮೆಂಟ್ ಇಳಿಸಿಕೊಂಡೆ. ಆಗ ಗೆಳತಿಯೊಬ್ಬಳು ಫೋನಿನಲ್ಲಿ ಇದ್ದಳು. ಮಾತಾಡಬೇಡ, ಸುಮ್ನೆ ಇರು ಅಂತ ಹೇಳಿದ್ದೆ. ಅವಳು ಆ ಕಡೆ ಬಟ್ಟೆ ಮಡಿಸುತ್ತಿದ್ದ ಸದ್ದು ಕೇಳುತ್ತಿತ್ತು.

ಸ್ಟೇಟ್‌ಮೆಂಟಿನಲ್ಲಿ ಏನಿತ್ತು? ವ್ಯಾಯಾಮದ ಆ್ಯಪ್ ಒಂದಕ್ಕೆ ಎರಡು ವರ್ಷದಿಂದ ತಿಂಗಳು ತಿಂಗಳು ದುಡ್ಡು ಹೋಗುತ್ತಿತ್ತು. ನಾನು ಅದನ್ನು ತೆರೆದಿದ್ದು ಎರಡೇ ಸಲ. ಇನ್ನೊಂದು ವಿಷಯ ನಗುವಂಥದ್ದಲ್ಲ. ಕಾರ್ಡಿನ ಅವಧಿ ಮುಗಿದು ಇನ್ಶೂರೆನ್ಸ್ ಕಂತು ಹೋಗದೆ ಪಾಲಿಸಿ ನಿಂತುಹೋಗಿತ್ತು. ಎಚ್ಚರಿಸಿದ ಮೆಸೇಜ್‌ಗಳೆಲ್ಲ ನಾನು ಬೆರಳಲ್ಲಿ ಸರಿಸಿದವುಗಳಲ್ಲೇ ಇದ್ದವು. ದಂಡ ಕಟ್ಟಿ ಮತ್ತೆ ಚಾಲೂ ಮಾಡಿಸಿದೆ. ನೋಡದೆ ಇದ್ದದ್ದಕ್ಕೆ ತೆತ್ತ ಬೆಲೆ ಅದು.

ಆಮೇಲೆ ಒಂದೇ ಒಂದು ಲೆಕ್ಕ ಹಾಕಿದೆ. ದೊಡ್ಡ ಬಜೆಟ್ ಗಿಜೆಟ್ ಏನಿಲ್ಲ. ಕೈಗೆ ತಕ್ಷಣ ಸಿಗುವ ಉಳಿತಾಯವನ್ನು ತಿಂಗಳಿಗೆ ಆಗಲೇಬೇಕಾದ ಖರ್ಚಿನಿಂದ ಭಾಗಿಸುವುದು. ಬರುವ ಉತ್ತರ ರೂಪಾಯಿಯಲ್ಲಲ್ಲ, ತಿಂಗಳಲ್ಲಿ. ಹಣಕಾಸು ಸಲಹೆಗಾರರು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಷ್ಟು ಇರಲಿ ಅನ್ನುತ್ತಾರೆ. ರಾತ್ರಿ ಮೂರರ ಲೆಕ್ಕದಲ್ಲಿ ನನ್ನ ಹತ್ತಿರ ಮೂರು ವಾರವೂ ಇರಲಿಲ್ಲ. ಕಾಗದದ ಲೆಕ್ಕದಲ್ಲಿ ನಾಲ್ಕೂವರೆ ತಿಂಗಳಿತ್ತು. ಕೆಲಸ ಹೋದರೆ ತಾನಾಗಿಯೇ ನಿಲ್ಲುವ ಖರ್ಚುಗಳನ್ನು ತೆಗೆದರೆ ಐದೂವರೆ. ಶ್ರೀಮಂತಿಕೆ ಏನಲ್ಲ. ಆದರೆ ಐದೂವರೆ ತಿಂಗಳಿನ ಜೊತೆ ಮಾತಾಡಬಹುದು, ‘ಏನೋ ಆಗಿಬಿಡುತ್ತೆ’ ಜೊತೆ ಮಾತಾಡಲಾಗುವುದಿಲ್ಲ.

ಎಲ್ಲರ ಉತ್ತರ ಹೀಗೇ ಬರುವುದಿಲ್ಲ ಅಂತ ನನಗೆ ಗೊತ್ತು. ಕೆಲವರಿಗೆ ಅರ್ಧ ತಿಂಗಳು ಬರಬಹುದು. ಆಗ ಅದು ಸುಮ್ಮನೆ ಭಯವಲ್ಲ, ನಿಜವಾದ ಕಷ್ಟ. ಉಸಿರಾಟದ ಅಭ್ಯಾಸದಿಂದ ಅದು ಹೋಗುವುದಿಲ್ಲ. ಸಾಲ ಕೊಟ್ಟವರ ಹತ್ತಿರ ಕಂತು ಮುಂದೂಡುವ ಮಾತು, ಇನ್ನೊಂದು ಆದಾಯದ ದಾರಿ, ಇವೇ ಅದಕ್ಕೆ ಮದ್ದು. ‘ಪಾಸಿಟಿವ್ ಆಗಿ ಯೋಚಿಸಿ’ ಅಂತ ಅವರಿಗೆ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಡುರಾತ್ರಿ ಏಳುವುದು ಇಷ್ಟಕ್ಕೇ ನಿಲ್ಲಲಿಲ್ಲ. ಅದಕ್ಕೆ ಕೌನ್ಸೆಲರ್ ಹೇಳಿದ್ದು ‘ಚಿಂತೆಯ ಹೊತ್ತು’. ಥಾಮಸ್ ಬೋರ್ಕೊವೆಕ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಜೊತೆಯವರು 1983ರಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದ್ದರು. ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೂತು ಚಿಂತೆ ಮಾಡುವುದು. ಬೇರೆ ಹೊತ್ತಿನಲ್ಲಿ ಬಂದದ್ದನ್ನು ಬರೆದಿಟ್ಟು ಆ ಹೊತ್ತಿಗೆ ತಳ್ಳುವುದು. ನಾನು ಸಂಜೆ ಆರೂವರೆ ಅಂತ ಇಟ್ಟುಕೊಂಡೆ. ಅರ್ಧ ಗಂಟೆ ನನಗೆ ಜಾಸ್ತಿ ಅನಿಸಿ ಇಪ್ಪತ್ತು ನಿಮಿಷ ಮಾಡಿದೆ. ಹಾಸಿಗೆಯ ಮೇಲಲ್ಲ, ಗೋಡೆ ಕಡೆ ಮುಖ ಮಾಡಿದ ಕುರ್ಚಿಯಲ್ಲಿ. ತಲೆದಿಂಬಿನ ಪಕ್ಕ ಒಂದು ನೋಟ್‌ಬುಕ್ಕು, ಪೆನ್ನು. ಮೊದಲ ವಾರ ನಾಟಕ ಆಡುತ್ತಿದ್ದೇನೆ ಅನಿಸಿತು. ಎರಡನೇ ವಾರ ಗಮನಿಸಿದೆ, ರಾತ್ರಿ ಬರೆದದ್ದರಲ್ಲಿ ಅರ್ಧದಷ್ಟು ಸಂಜೆ ಹೊತ್ತಿಗೆ ಸಪ್ಪೆಯಾಗಿರುತ್ತಿತ್ತು. ‘ಬಾಸ್ ಗುಡ್ ಮಾರ್ನಿಂಗ್ ಅನ್ನಲಿಲ್ಲ’ ಅಂತ ಬರೆದಿದ್ದೆ ಒಂದು ದಿನ. ಅದಕ್ಕಾ ನಾನು ಎರಡು ಗಂಟೆ ಎದ್ದು ಕೂತಿದ್ದು?

ಮಲಗುವ ಮುಂಚೆ ನಾಳೆಯ ಕೆಲಸಗಳನ್ನು ಐದು ನಿಮಿಷ ಬರೆಯುವುದನ್ನೂ ಶುರು ಮಾಡಿದೆ. ಇದರ ಮೇಲೆ 57 ಜನರನ್ನಿಟ್ಟುಕೊಂಡು ಮಾಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಗಿದೆ. ನಾಳೆ ಮಾಡಬೇಕಾದದ್ದನ್ನು ಬರೆದವರಿಗೆ, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತಂತೆ. ಒಂಬತ್ತು ನಿಮಿಷ ಏನು ಮಹಾ ಅನ್ನಬಹುದು. ನಿದ್ದೆ ಬಾರದೆ ಹೊರಳಾಡಿದವರಿಗೆ ಅದರ ಬೆಲೆ ಗೊತ್ತು.

ಉಳಿದವು ಸಣ್ಣಪುಟ್ಟವು. ಮಧ್ಯಾಹ್ನದ ಮೇಲೆ ಕಾಫಿ ಬಿಟ್ಟೆ. ಕುಡಿದ ಕೆಫೀನಿನ ಅರ್ಧ ಮೈಯಿಂದ ಹೋಗಲಿಕ್ಕೇ ಸುಮಾರು ಐದು ಗಂಟೆ ಬೇಕು. ಎದೆ ಹೊಡೆದುಕೊಂಡಾಗ ನಾಲ್ಕು ಎಣಿಸಿ ಉಸಿರು ಎಳೆದು ಆರು ಎಣಿಸಿ ಬಿಡುವುದು ಸ್ವಲ್ಪ ಸಹಾಯ ಮಾಡಿತು. ಕನ್ನಡಿ ಮುಂದೆ ನಿಂತು ‘ನಾನು ಗಟ್ಟಿಗಿತ್ತಿ’ ಅನ್ನುವುದು ನನಗಂತೂ ಏನೂ ಮಾಡಲಿಲ್ಲ.

ಕೆಲಸದ ಆಯ್ಕೆಯ ಗಂಟು ಬೇರೆ ಥರದ್ದು. ಆಫೀಸಿನಲ್ಲಿ ಟೀಮ್ ಲೀಡ್ ಜಾಗ ಖಾಲಿ ಇತ್ತು. ನನಗೆ ಒಳಗೊಳಗೇ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುವ ಸ್ವಂತ ಕೆಲಸ ಶುರು ಮಾಡುವ ಆಸೆ. ಎರಡೂ ನನ್ನ ಕೈಲಾಗುವುದಲ್ಲ ಅನಿಸುತ್ತಿತ್ತು. ಇದು ಇಂಪೋಸ್ಟರ್ ಸಿಂಡ್ರೋಮ್ ಅಂತ ಗೆಳತಿ ಹೇಳಿದಳು. ಪಾಲಿನ್ ಕ್ಲಾನ್ಸ್, ಸುಝಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು 1978ರಲ್ಲಿ ಇದರ ಬಗ್ಗೆ ಮೊದಲು ಬರೆದರು. ಸಾಧಿಸಿದ ಹೆಂಗಸರೂ ‘ನಾನು ಇದಕ್ಕೆ ಯೋಗ್ಯಳಲ್ಲ, ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತೇನೆ’ ಅಂದುಕೊಳ್ಳುವುದು. ಆಮೇಲೆ ಗಂಡಸರಲ್ಲೂ ಇದು ಕಂಡಿತು. ಆದರೂ ಆ ಮಾತು ನನಗೆ ಅಷ್ಟು ಹಿಡಿಸುವುದಿಲ್ಲ. ಯಾಕೆಂದರೆ ಆ ಜಾಗದ ಬಗ್ಗೆ ಕೇಳಲು ಹೋದಾಗ ಮೇಲಿನವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, “ಮಗು ಚಿಕ್ಕದಲ್ವಾ, ನಿಭಾಯಿಸ್ತೀರಾ?” ಅಂತ. ನನ್ನಷ್ಟೇ ಚಿಕ್ಕ ಮಗು ಇರುವ ಸಹೋದ್ಯೋಗಿಗೆ ಆ ಪ್ರಶ್ನೆ ಬಂದಿರಲಿಲ್ಲ. ಅವನು ಅಪ್ಪ ತಾನೆ.

ಕ್ಲಾಡಿಯಾ ಗೋಲ್ಡಿನ್ ಅವರಿಗೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಾಗ ಅವರ ಕೆಲಸದ ಬಗ್ಗೆ ಓದಿದೆ. ಶ್ರೀಮಂತ ದೇಶಗಳಲ್ಲಿ ಒಂದೇ ಉದ್ಯೋಗದಲ್ಲಿರುವ ಗಂಡಸು ಹೆಂಗಸಿನ ಗಳಿಕೆಯ ಅಂತರ ಬಹುಮಟ್ಟಿಗೆ ಮೊದಲ ಮಗು ಹುಟ್ಟಿದ ಮೇಲೆ ಬೆಳೆಯುತ್ತದೆ ಅಂತ ಅವರು ತೋರಿಸಿದ್ದಾರೆ. ಓದಿ ಸಂತೋಷವೇನೂ ಆಗಲಿಲ್ಲ. ಆದರೆ ತಪ್ಪೆಲ್ಲ ನನ್ನ ತಲೆಯೊಳಗೇ ಇದೆ ಅನ್ನುವ ಭಾರ ಸ್ವಲ್ಪ ಇಳಿಯಿತು.

ಎರಡು ವರ್ಷ ನಾನು ಲಾಭ-ನಷ್ಟದ ಪಟ್ಟಿ ಮಾಡಿದ್ದೆ. ಪ್ರತಿ ಸಲ ನಷ್ಟವೇ ಗೆಲ್ಲುತ್ತಿತ್ತು. ಕಾಹ್ನೆಮನ್ ಮತ್ತು ಟ್ವರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಹೇಳಿದ್ದು ಇದನ್ನೇ: ಅಷ್ಟೇ ಮೊತ್ತ ಬಂದ ಖುಷಿಗಿಂತ ಹೋದ ನೋವು ದೊಡ್ಡದು. ಹಾಗಾಗಿ ಪಟ್ಟಿಗೆ ಮೂರನೇ ಕಾಲಂ ಹಾಕಿದೆ, ‘ಏನೂ ಮಾಡದೆ ಇಲ್ಲೇ ಇದ್ದರೆ ಏನು ಹೋಗುತ್ತದೆ?’ ಅಂತ. ಆ ಕಾಲಂ ತುಂಬಲು ಪುಟ ಸಾಲಲಿಲ್ಲ.

ಆದರೂ ರಾಜೀನಾಮೆ ಬಿಸಾಕಿ ಬರಲಿಲ್ಲ. ಅಂಥ ಕತೆಗಳು ಕೇಳಲು ಚೆಂದ. ನಾನು ಮೊದಲು ನೌಕರಿಯ ಕರಾರು ಪತ್ರ ಓದಿದೆ, ಆಫೀಸಿನಿಂದ ಒಪ್ಪಿಗೆ ಬರೆಸಿಕೊಂಡೆ. ವಾರದ ಕೊನೆಯಲ್ಲಿ ಮಾತ್ರ, ಮೂರು ತಿಂಗಳು, ಇಬ್ಬರೇ ಗಿರಾಕಿಗಳು. ಯಾವಾಗ ನಿಲ್ಲಿಸಬೇಕು ಅನ್ನುವುದನ್ನೂ ಶುರು ಮಾಡುವ ಮುಂಚೆಯೇ ಬರೆದಿಟ್ಟೆ. ಉಳಿತಾಯ ಮೂರು ತಿಂಗಳಿಗಿಂತ ಕೆಳಗಿಳಿದರೆ ನಿಲ್ಲಿಸುವುದು, ಎರಡು ವಾರ ಸತತ ನಿದ್ದೆ ಕೆಟ್ಟರೆ ನಿಲ್ಲಿಸುವುದು. ಭಯವಾದಾಗ ಯೋಚಿಸಿ ತೀರ್ಮಾನ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ. ಒಬ್ಬ ಗಿರಾಕಿ ಬಿಲ್ಲುಗಳನ್ನೆಲ್ಲ ಮುದ್ದೆ ಮಾಡಿ ಚೀಲದಲ್ಲಿ ತುಂಬಿ ಕೊಟ್ಟರು, ದುಡ್ಡು ನಲವತ್ತು ದಿನ ತಡ. ಅವರನ್ನು ಬಿಟ್ಟೆ. ಇನ್ನೊಬ್ಬರು ಉಳಿದರು, ಅವರಿಂದ ಮತ್ತೊಬ್ಬರು ಬಂದರು. ಈಗ ಆಫೀಸಿಗೆ ವಾರಕ್ಕೆ ನಾಲ್ಕು ದಿನ ಹೋಗುತ್ತೇನೆ. ಸಂಬಳ ಅಷ್ಟು ಕಡಿಮೆ. ಟೀಮ್ ಲೀಡ್ ಜಾಗ ಆ ಸಹೋದ್ಯೋಗಿಗೆ ಹೋಯಿತು. ಅದು ಇನ್ನೂ ಚುಚ್ಚುತ್ತದೆ.

ಅಕ್ಕನಿಗೆ ಹೇಳುವುದು ಮಾತ್ರ ಉಳಿದಿತ್ತು. ಕೊನೆಗೆ ಒಂದು ಭಾನುವಾರ ಅವಳ ಮನೆಯಲ್ಲೇ ಹೇಳಿದೆ. ನಾಲ್ಕು ತಿಂಗಳು ಖಾತೆ ನೋಡದೆ ಇದ್ದದ್ದು, ಪಾಲಿಸಿ ನಿಂತದ್ದು, ಡಾಕ್ಟರು, 13, ಎಲ್ಲ.

ಅವಳು ನನ್ನ ಮುಖ ನೋಡಿದಳು. “ನಾನು ಅವತ್ತೇ ಹೇಳಿದ್ನಲ್ಲೇ, ದುಡ್ಡಿನ ವಿಷಯದಲ್ಲಿ ನೀನು ಅಪ್ಪನ ಥರಾನೇ” ಅಂದಳು. ಎರಡು ವರ್ಷ ನಾನು ಹೆದರಿದ್ದ ಅದೇ ಮಾತು, ಅದೇ ಮುಖ. ಆಮೇಲೆ ಎದ್ದು ಕಿಟಕಿಯಿಂದ ಹೊರಗೆ ನೋಡಿ, “ಮಳೆ ಬರೋ ಹಾಗಿದೆ, ಬಟ್ಟೆ ತೆಗೀಬೇಕು, ಬಾ” ಅಂದಳು. ಇಬ್ಬರೂ ಹೋಗಿ ತೆಗೆದೆವು.

ಕಳೆದ ವಾರ ಮತ್ತೆ ಮೂರಕ್ಕೆ ಎಚ್ಚರವಾಯಿತು. ದೀಪ ಹಾಕದೆ ನೋಟ್‌ಬುಕ್ಕಿನಲ್ಲಿ ಏನೋ ಗೀಚಿ ಮಲಗಿದೆ. ಸಂಜೆ ಆರೂವರೆಗೆ ಕುರ್ಚಿಯಲ್ಲಿ ಕೂತು ತೆರೆದರೆ ಅಕ್ಷರ ಒಂದೂ ಓದಲಾಗಲಿಲ್ಲ. ‘ಬಾಡಿಗೆ’ ಅಂತಲೋ ‘ಬಾಗಿಲು’ ಅಂತಲೋ. ಗಂಡನಿಗೂ ತೋರಿಸಿದೆ, ಅವರಿಗೂ ಗೊತ್ತಾಗಲಿಲ್ಲ.